ಪಡ್ರೆಯ ಪಾಠ: ಕಾಸರಗೋಡಿನಲ್ಲಿ ವೃತ್ತಿಯೇ ಸೇವೆಯಾದ ಚರಿತ್ರೆ

ನನ್ನ ಧ್ವನಿ ಕೇಳ್ತಾ ಉಂಟಲ್ವಾ? ಸರಿ, ಹಾಗಾದರೆ ಆರಂಭಿಸುತ್ತೇನೆ.

ಈ ಗೋಷ್ಠಿಯಲ್ಲಿ ಗಡಿನಾಡಿನ ಭಾಷೆ, ಶಾಲೆ, ಸಾಹಿತ್ಯ ಇವುಗಳ ಬಗ್ಗೆ ಈಗಾಗಲೇ ಪ್ರಬಂಧಗಳು ಬಂದಿವೆ. ನಾನು ಬೇರೊಂದು ಪ್ರಶ್ನೆ ಎತ್ತಿಕೊಂಡಿದ್ದೇನೆ. ಓದಿ ಕೆಲಸ ಹಿಡಿದ ಯುವಕ ಯುವತಿಯರು ಊರಿನ ಸೇವಾಕಾರ್ಯಕ್ಕೆ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಪ್ರತಿ ಸಭೆಯಲ್ಲೂ ಬರುತ್ತದೆ. ಅವರನ್ನು ಕರೆತರುವುದು ಹೇಗೆ? ಇದಕ್ಕೆ ಉಪದೇಶದಲ್ಲಿ ಉತ್ತರ ಸಿಕ್ಕುವುದಿಲ್ಲ, ಚರಿತ್ರೆಯಲ್ಲಿ ಸಿಕ್ಕಬಹುದು ಎಂಬುದು ನನ್ನ ನಂಬಿಕೆ. ಅದಕ್ಕಾಗಿ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಎಂಬ ಗ್ರಾಮವನ್ನು ಆರಿಸಿಕೊಂಡಿದ್ದೇನೆ. ಎಂಡೋಸಲ್ಫಾನ್ ವಿಷದ ಕಥೆ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಪರಿಸರದ ಚರಿತ್ರೆಯಾಗಿ ಮಾತ್ರ ಓದುತ್ತೇವೆ. ಅದು ಉದ್ಯೋಗಸ್ಥರ ಸೇವೆಯ ಚರಿತ್ರೆಯೂ ಹೌದು.

1. ಹಿಂದಿನ ತಲೆಮಾರಿನ ಸೇವೆ

ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ಸಂಸ್ಥಾನದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ದಿನ ಅದು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಈ ಕಾಲದಲ್ಲಿ ಓದಿದವರ ಸಾರ್ವಜನಿಕ ಸೇವೆ ಎಂದರೆ ಹೆಚ್ಚಾಗಿ ಭಾಷೆಯ ಸೇವೆ. ಅದರ ಮುಂಚೂಣಿಯಲ್ಲಿ ಇದ್ದವರು ಮೇಷ್ಟ್ರುಗಳು, ವಕೀಲರು. ವಿಲೀನೀಕರಣ ಹೋರಾಟದಲ್ಲಿ ಯು.ಪಿ. ಕುಣಿಕುಳ್ಳಾಯರಂಥ ವಕೀಲರಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಪೆರಡಾಲದಲ್ಲಿ ಅಧ್ಯಾಪಕರು, ಮನೆಯಲ್ಲಿ ಕೃಷಿಕರು, ಜತೆಗೆ ಕವಿ, ಬದಿಯಡ್ಕ ಪಂಚಾಯತಿನ ಅಧ್ಯಕ್ಷರು. ಇಲ್ಲಿ ಒಂದು ಅಂಶ ಗಮನಿಸಬೇಕು. ಇವರು ಶಾಲೆ ಬಿಟ್ಟ ಮೇಲೆ ಸೇವೆಗೆ ಹೊರಟವರಲ್ಲ. ಶಾಲೆಯೇ ಸೇವೆಯ ಜಾಗವಾಗಿತ್ತು. ಅರ್ಜಿ ಬರೆಸಿಕೊಳ್ಳಲಿಕ್ಕೆ, ಕಾಗದ ಓದಿಸಿಕೊಳ್ಳಲಿಕ್ಕೆ ಜನ ಮೇಷ್ಟ್ರ ಹತ್ತಿರ ಹೋಗುವ ಕಾಲ ಅದು.

ಮುಂದೆ ಈ ಚಿತ್ರ ಬದಲಾಯಿತು. ಕೆಲಸ ಹುಡುಕಿಕೊಂಡು ಮಂಗಳೂರು, ಬೆಂಗಳೂರು, ಮುಂಬೈ, ಗಲ್ಫಿಗೆ ಹೋಗುವವರು ಹೆಚ್ಚಾದರು. ಓದಿದವನಿಗೂ ಊರಿಗೂ ಇದ್ದ ದಿನನಿತ್ಯದ ನಂಟು ತಪ್ಪಿತು. ಸೇವೆ ಎಂದರೆ ದೇಣಿಗೆ ಕಳುಹಿಸುವುದು, ಬ್ರಹ್ಮಕಲಶಕ್ಕೆ ನಾಲ್ಕು ದಿನ ರಜೆ ಹಾಕಿ ಬಂದು ಓಡಾಡುವುದು, ಶಾಲೆಯ ವಾರ್ಷಿಕೋತ್ಸವಕ್ಕೆ ಬಹುಮಾನ ಕೊಡುವುದು ಎಂದಾಯಿತು. ಇದು ಸಣ್ಣ ಕೆಲಸ ಅಂತ ನಾನು ಹೇಳುವುದಿಲ್ಲ. ಬ್ರಹ್ಮಕಲಶದ ಚಪ್ಪರದಲ್ಲಿ ಬಡಿಸುವ ಇಂಜಿನಿಯರ್ ಶ್ರದ್ಧೆಯಿಂದಲೇ ಬಡಿಸುತ್ತಾನೆ. ಆದರೆ ಅಲ್ಲಿ ಅವನ ಓದಿಗೆ ಕೆಲಸ ಇಲ್ಲ.

2. ಪಡ್ರೆಯಲ್ಲಿ ಆದದ್ದು

ಕೇರಳ ಸರಕಾರದ ತೋಟ ನಿಗಮಕ್ಕೆ, ಅಂದರೆ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ, ಕಾಸರಗೋಡಿನ ಗುಡ್ಡಗಳ ಮೇಲೆ ಸಾವಿರಾರು ಹೆಕ್ಟೇರ್ ಗೇರುತೋಟ ಉಂಟು. ಗೇರಿಗೆ ಬರುವ ಟೀ ಸೊಳ್ಳೆ ಎಂಬ ಕೀಟದ ಹತೋಟಿಗಾಗಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟ ಮೇಲೆ, ಮನೆಗಳು ಕೆಳಗೆ. ಗುಡ್ಡದ ನೀರು ತೋಡಾಗಿ ಇಳಿದು ಬರುತ್ತದೆ. ಸಿಂಪಡಣೆಗೆ ಮೊದಲು ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳುತ್ತಿದ್ದರು. ನಮ್ಮ ಕಡೆಯಲ್ಲಿ ಕುಡಿಯುವ ನೀರು ಬರುವುದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ, ಕಟ್ಟಿ ನಿಲ್ಲಿಸಿದ ಮದಕದಿಂದ, ಹರಿಯುವ ತೋಡಿನಿಂದ. ಬಾವಿಗೆ ಮಡಲು ಮುಚ್ಚಬಹುದು, ತೋಡಿಗೆ ಏನು ಮುಚ್ಚುವುದು?

ಡಾ. ವೈ.ಎಸ್. ಮೋಹನ್ ಕುಮಾರ್ ಎಂಬ ತರುಣ ವೈದ್ಯರು 1982ರಲ್ಲಿ ಪಡ್ರೆಯ ವಾಣೀನಗರದಲ್ಲಿ ಚಿಕಿತ್ಸಾಲಯ ತೆರೆದರು. ಸಣ್ಣ ಊರು. ಅಷ್ಟು ಕಡಿಮೆ ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಕ್ಯಾನ್ಸರ್ ಇಷ್ಟೊಂದು ಯಾಕೆ ಎಂಬ ಪ್ರಶ್ನೆ ಅವರಿಗೆ ಹುಟ್ಟಿತು. ಜನ ಅದನ್ನು ದೈವದ ಕೋಪ ಎಂದುಕೊಂಡಿದ್ದರು. ವೈದ್ಯರು ಯಾವ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಲೆಕ್ಕ ಇಟ್ಟರು. ಆ ಮನೆಗಳು ಗೇರುತೋಟದಿಂದ ಇಳಿಯುವ ನೀರಿನ ದಾರಿಯಲ್ಲೇ ಹೆಚ್ಚಿವೆ ಎಂದು ಕಂಡುಕೊಂಡರು.

ಎರಡನೆಯವರು ಶ್ರೀಪಡ್ರೆ. ಅದೇ ಊರಿನ ಕೃಷಿಕ, ಪತ್ರಕರ್ತ. ಕರುಗಳು ಅಂಗವೈಕಲ್ಯದಿಂದ ಹುಟ್ಟುತ್ತಿರುವುದನ್ನು ಅವರು ಮೊದಲೇ ಗಮನಿಸಿ ಬರೆದಿದ್ದರು. ಮುಂದೆ 1988ರಲ್ಲಿ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ'ಯ ಮೂಲಕ ಕೃಷಿಕರೇ ಬರೆಯಬೇಕು ಎಂಬ ಹೊಸ ಪರಂಪರೆ ಕಟ್ಟಿದವರು ಅವರು. ವೈದ್ಯರ ಲೆಕ್ಕ ಪಡ್ರೆಯ ಗಡಿ ದಾಟಿದ್ದು ಇಂಥ ಬರಹದಿಂದ.

ಮೂರನೆಯವರು ಲೀಲಾಕುಮಾರಿಯಮ್ಮ. ಪೆರಿಯದ ಕಡೆಯವರು, ಕೃಷಿ ಇಲಾಖೆಯ ನೌಕರರು. ವಿಷದ ಪರಿಣಾಮವನ್ನು ತನ್ನ ಮೈಯಲ್ಲೇ ಅನುಭವಿಸಿದವರು. 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ಸರಕಾರಿ ಕೆಲಸದಲ್ಲಿ ಇದ್ದುಕೊಂಡೇ ಸರಕಾರಿ ನಿಗಮದ ವಿರುದ್ಧ ಹೋದರು ಎಂಬುದನ್ನು ನೆನಪಿಡಬೇಕು.

ಆಮೇಲೆ ದಾರಿ ತೆರೆದುಕೊಂಡಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿ ಪರೀಕ್ಷೆ ಮಾಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನೂ ಮೀಂಜ ಪಂಚಾಯತಿನ ಮಕ್ಕಳನ್ನೂ ಹೋಲಿಸಿ ಅಧ್ಯಯನ ನಡೆಸಿತು. ಪತ್ರಿಕಾ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ಕೇರಳವನ್ನು ಅಲುಗಿಸಿದವು. ಕಾಞಂಗಾಡಿನ ಕಾಲೇಜಿನಲ್ಲಿ ಮಲಯಾಳ ಕಲಿಸುತ್ತಿದ್ದ ಅಂಬಿಕಾಸುತನ್ ಮಾಙಾಡ್ 'ಎಣ್ಮಕಜೆ' ಎಂಬ ಕಾದಂಬರಿ ಬರೆದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಅದೇ ವರ್ಷ ಮೇ 13ರಂದು, ಒಂದು ಯುವಜನ ಸಂಘಟನೆ ಹೂಡಿದ ದಾವೆಯಲ್ಲಿ, ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು.

3. ಇದರಿಂದ ತಿಳಿಯುವುದೇನು

ಮೊದಲನೆಯದು: ಇವರಲ್ಲಿ ಯಾರೂ "ಸೇವೆ ಮಾಡಬೇಕು" ಎಂದು ಬಿಡುವಿನ ವೇಳೆ ಹುಡುಕಿಕೊಂಡು ಹೊರಟವರಲ್ಲ. ವೈದ್ಯರು ವೈದ್ಯಕೀಯವನ್ನೇ ಸರಿಯಾಗಿ ಮಾಡಿದರು. ಪತ್ರಕರ್ತರು ವರದಿಯನ್ನೇ ಸರಿಯಾಗಿ ಬರೆದರು. ಕೃಷಿ ಇಲಾಖೆಯವರಿಗೆ ಕೀಟನಾಶಕ ಎಂದರೆ ಏನು ಎಂಬ ತಿಳಿವು ಇತ್ತು. ವೃತ್ತಿ ಊರಿನ ಕಡೆಗೆ ಒಂದು ಹೆಜ್ಜೆ ಜಾಸ್ತಿ ಇಟ್ಟಾಗ ಅದೇ ಸೇವೆಯಾಯಿತು.

ಎರಡನೆಯದು: ಕಾಲ. 1982ರಿಂದ 2011 ಅಂದರೆ 29 ವರ್ಷ. ಒಂದು ದಿನದ ಶಿಬಿರದಲ್ಲಿ ಅಪಸ್ಮಾರದ ರೋಗಿ ಒಬ್ಬ ಕಾಣುತ್ತಾನೆ, ಅವನಿಗೆ ಮಾತ್ರೆ ಸಿಗುತ್ತದೆ. ಒಂದೇ ತೋಡಿನ ದಡದ ಎಷ್ಟು ಮನೆಗಳಲ್ಲಿ ಅಂಥವರಿದ್ದಾರೆ ಎಂಬುದು ಅಲ್ಲೇ ನಿಂತವರಿಗೆ ಮಾತ್ರ ಕಾಣುತ್ತದೆ.

ಮೂರನೆಯದು ನಮ್ಮ ಕ್ಷೇತ್ರಕ್ಕೆ ಹತ್ತಿರದ್ದು: ಭಾಷೆ. ಪಡ್ರೆಯ ಕಡೆ ಮನೆಮಾತು ತುಳು, ಹವ್ಯಕ ಕನ್ನಡ, ಮರಾಠಿ, ಮಲಯಾಳ, ಹೀಗೆ ಬೇರೆ ಬೇರೆ. ಬಾಣಂತಿ ತನ್ನ ಮಗುವಿನ ಬಗ್ಗೆ ಹೇಳುವುದು ತುಳುವಿನಲ್ಲಿ. ಕಚೇರಿಯ ಕಡತ ಮಲಯಾಳದಲ್ಲಿ. ಪ್ರಯೋಗಾಲಯದ ವರದಿ, ಕೋರ್ಟಿನ ಆದೇಶ ಇಂಗ್ಲಿಷಿನಲ್ಲಿ. ತಾಯಿಯ ಮಾತು ಸಾಕ್ಷ್ಯವಾಗಬೇಕಾದರೆ ನಡುವೆ ಎಷ್ಟು ಸಲ ಅನುವಾದ ಆಗಬೇಕು, ಯೋಚಿಸಿ. ಈ ಅನುವಾದ ಮಾಡಿದವರ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಆದರೆ ಇದಿಲ್ಲದೆ ಪಡ್ರೆ ದೆಹಲಿಗೆ ಮುಟ್ಟುತ್ತಿರಲಿಲ್ಲ.

ಇಲ್ಲೇ ಒಂದು ತಕರಾರನ್ನೂ ಹೇಳಬೇಕು. ನಾವು ವೈದ್ಯರನ್ನು, ಲೇಖಕರನ್ನು ನೆನೆಯುತ್ತೇವೆ. ಎದ್ದು ಕೂರಲಾಗದ ಮಗನನ್ನು, ಮಗಳನ್ನು ಇಪ್ಪತ್ತು ಮೂವತ್ತು ವರ್ಷ ನೋಡಿಕೊಂಡ ಅಮ್ಮಂದಿರ ಕೆಲಸಕ್ಕೆ "ಸೇವೆ" ಎಂಬ ಹೆಸರನ್ನು ನಾವು ಕೊಟ್ಟಿಲ್ಲ. ಅದು ಅವರ ಕರ್ತವ್ಯ ಎಂದು ಸುಮ್ಮನಾಗಿದ್ದೇವೆ. ಉದ್ಯೋಗಸ್ಥರ ಸೇವೆ ಎಂಬುದು ಏನಾದರೂ ಇದ್ದರೆ ಅದು ಈ ಅಮ್ಮಂದಿರ ಭಾರವನ್ನು ಒಂದು ಗಂಟೆಯಾದರೂ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಅದು ನಮ್ಮ ತೃಪ್ತಿಗೆ ಮಾತ್ರ.

4. ಮುಗಿಯದ ಕೆಲಸ

2011ರ ಆದೇಶದೊಂದಿಗೆ ಕಥೆ ಮುಗಿಯಿತು ಎಂದು ಹೊರಗಿನವರು ತಿಳಿಯುತ್ತಾರೆ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕು ಎಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಅದೇ ಕೋರ್ಟಿಗೆ ಬಂದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ 8 ಮಂದಿಗೆ ಮಾತ್ರ ಎಂದು ಗೊತ್ತಾಯಿತು. ಕೋರ್ಟು ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಈ ಎಂಟರ ಲೆಕ್ಕ ಏನು ಹೇಳುತ್ತದೆ? ಹಕ್ಕು ಇದ್ದರೆ ಸಾಲದು, ಕಾಗದ ಹಿಡಿದು ಬಾಗಿಲು ತಟ್ಟುವವರು ಬೇಕು.

ಇನ್ನೊಂದು ಘಟನೆ 2020ರ ಮಾರ್ಚಿನದು. ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಉಳಿದರು, ಕೆಲವರು ತೀರಿಕೊಂಡರು. ಎಣ್ಮಕಜೆಗೆ ಹತ್ತಿರದ ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಆಗ ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಬೇಕಾಯಿತು. ಗಡಿಯ ಎರಡೂ ಕಡೆಯ ಭಾಷೆ, ಕಚೇರಿ, ಆಸ್ಪತ್ರೆ ಗೊತ್ತಿರುವವರು ನಮಗೆ ಎಷ್ಟು ಅಗತ್ಯ ಎಂದು ಆ ವಾರಗಳಲ್ಲಿ ತಿಳಿಯಿತು.

ಹಾಗಾದರೆ ಇವತ್ತು ಕೆಲಸದಲ್ಲಿರುವ ಕನ್ನಡದ ಹುಡುಗ ಹುಡುಗಿಯರನ್ನು ಏನೆಂದು ಕರೆಯಬೇಕು? "ಬನ್ನಿ, ಸಮಾಜಸೇವೆ ಮಾಡೋಣ" ಎಂದರೆ ಯಾರೂ ಬರುವುದಿಲ್ಲ, ಯಾಕೆಂದರೆ ಅದರಲ್ಲಿ ಕೆಲಸ ಯಾವುದು ಎಂದೇ ಹೇಳಿಲ್ಲ. ಹೀಗೆ ಕೇಳಿ ನೋಡಬೇಕು:

1969ರ ಕೇರಳ ರಾಜಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಲು ಅವಕಾಶ ಉಂಟು. ವಕೀಲಿಕೆ ಕಲಿತವರು ಆ ಅವಕಾಶ ಬಳಸಿ ಅರ್ಜಿ ಬರೆದುಕೊಡಬಹುದು. ಎರಡೂ ಲಿಪಿ ಬಲ್ಲವರು ಮಲಯಾಳದ ನೋಟೀಸನ್ನು ಕನ್ನಡದಲ್ಲಿ ಓದಿ ಹೇಳಬಹುದು. ನರ್ಸಿಂಗ್ ಓದಿದವರು ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲು ಬದಲಿಸುವುದು ಹೇಗೆ ಎಂದು ಮನೆಯವರಿಗೆ ತುಳುವಿನಲ್ಲೇ ಕಲಿಸಬಹುದು. ಮಂಗಳೂರಿನಲ್ಲಿ ಕೆಲಸದಲ್ಲಿರುವವರು ಊರಿನಿಂದ ಬಂದ ರೋಗಿಗೆ ಆಸ್ಪತ್ರೆಯಲ್ಲಿ ಯಾವ ಕೌಂಟರಿಗೆ ಹೋಗುವುದು ಎಂದು ತೋರಿಸಬಹುದು. ಇವೆಲ್ಲ ತಿಂಗಳಿಗೆ ಎರಡು ಮೂರು ಗಂಟೆಯ ಕೆಲಸ. ಆದರೆ ಪ್ರತಿ ತಿಂಗಳೂ ಆಗಬೇಕಾದ ಕೆಲಸ.

ಕನ್ನಡ ಎಂ.ಎ. ಓದುವ ನಮಗೂ ಇಲ್ಲಿ ಪಾಲು ಉಂಟು. ಅನುವಾದ ಪತ್ರಿಕೆಯಲ್ಲಿ ಅಭ್ಯಾಸಕ್ಕೆ ಕಥೆ, ಕವಿತೆ ಕೊಡುತ್ತಾರೆ. ಅದರ ಜತೆ ಒಂದು ಪರಿಹಾರದ ಅರ್ಜಿ, ಒಂದು ಆಸ್ಪತ್ರೆಯ ಬಿಡುಗಡೆ ಚೀಟಿ ಕೊಟ್ಟರೆ ಆಗುವುದಿಲ್ಲವೇ? ಗುರುಗಳು ಯೋಚಿಸಬೇಕು ಎಂದು ವಿನಂತಿ.

5. ಚರ್ಚೆಯಿಂದ

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ.

ಒಬ್ಬ ಅಧ್ಯಾಪಕರು ಕೇಳಿದರು: "ಇದೆಲ್ಲ ಸರಕಾರ ಮಾಡಬೇಕಾದ್ದು. ಹುಡುಗರು ಮಾಡಿದರೆ ಸರಕಾರ ಜವಾಬ್ದಾರಿಯಿಂದ ಜಾರಿಕೊಳ್ಳುವುದಿಲ್ಲವೇ?" ಈ ಆತಂಕ ಸರಿಯೇ, ಸರ್. ಪಡ್ರೆಯವರು ಸರಕಾರದ ಬದಲಿಗೆ ನಿಲ್ಲಲಿಲ್ಲ. ಸರಕಾರವೂ ಕೋರ್ಟೂ ನೋಡಲೇಬೇಕಾದ ದಾಖಲೆ ಮಾಡಿದರು. ಔಷಧಿ ಹಂಚಿ ಸುಮ್ಮನಾಗಿದ್ದರೆ ನೀವು ಹೇಳಿದ ಹಾಗೆ ಆಗುತ್ತಿತ್ತು. ಸೇವೆ ಮಾಡುವವರು ಲೆಕ್ಕ ಇಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸೊಲ್ಲಾಪುರದ ಕಡೆಯ ಗೆಳತಿಯೊಬ್ಬರು ಕೇಳಿದರು: "ನಮ್ಮಲ್ಲಿ ಅಂಥ ದೊಡ್ಡ ದುರಂತ ಆಗಿಲ್ಲರಿ. ಹಂಗಾದ್ರ ಯಾರು ಬರ್ತಾರ?" ದುರಂತ ಆದ ಮೇಲೆ ಬರುವುದು ತಡವಾಯಿತು ಎಂದೇ ಪಡ್ರೆ ಹೇಳುತ್ತದೆ, ಅಕ್ಕಾ. ಅಲ್ಲಿ ವೈದ್ಯರ ಮನಸ್ಸಿಗೆ ಪ್ರಶ್ನೆ ಬಂದ ದಿನ ಅದು ದುರಂತ ಎಂದು ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಊರಿನ ಕನ್ನಡ ಶಾಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳು, ಹೋದ ವರ್ಷ ಎಷ್ಟು, ಬಿಟ್ಟುಹೋದವರು ಎಲ್ಲಿಗೆ ಹೋದರು ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಒಂದು ಪಟ್ಟಿ ಇಡಲಿ. ಅಲ್ಲಿಂದ ಶುರುವಾಗುತ್ತದೆ.