ಬುಖಾರಾ ಅಮೀರಶಾಹಿ

ಮಧ್ಯ ಏಷ್ಯದಲ್ಲಿ 1785ರಿಂದ 1920ರವರೆಗೆ ಇದ್ದ ರಾಜ್ಯ. ಆಳಿದವರು ಉಜ್ಬೆಕ್ ಬುಡಕಟ್ಟುಗಳಲ್ಲೊಂದಾದ ಮಾಂಗಿತರು. ರಾಜಧಾನಿ ಬುಖಾರಾ ಈಗ ಉಜ್ಬೆಕಿಸ್ತಾನಕ್ಕೆ ಸೇರಿದೆ. ಅರಸರು ಉಜ್ಬೆಕರಾದರೂ ಆಸ್ಥಾನದ ಕಾಗದಪತ್ರಗಳು ಪಾರಸಿಯಲ್ಲಿದ್ದವು. ಊರಿನಲ್ಲಿ ತಾಜಿಕರೂ ಯಹೂದ್ಯರೂ ಇದ್ದರು. ಲೇವಾದೇವಿಗೆಂದು ಮುಲ್ತಾನ್ ಮತ್ತು ಸಿಂಧ್‌ನ ಶಿಕಾರ್‌ಪುರದ ಹಿಂದೂ ಸಾಹುಕಾರರು ಬಂದು ನೆಲೆಸಿದ್ದರು.

1740ರಲ್ಲಿ ಇರಾನಿನ ನಾದಿರ್ ಶಾಹ ಬುಖಾರಾವನ್ನು ಅಧೀನಕ್ಕೆ ತಂದುಕೊಂಡ. 1747ರಲ್ಲಿ ಅವನ ಕೊಲೆಯಾದಾಗ ಮಾಂಗಿತ್ ಸರದಾರ ಮುಹಮ್ಮದ್ ರಹೀಂ ಹಳೆಯ ವಂಶದ ಅಬುಲ್‌ಫೈಜ್ ಖಾನನನ್ನು ಕೊಲ್ಲಿಸಿ ಅಧಿಕಾರ ಹಿಡಿದ. ಚೆಂಗೀಸ್ ಖಾನನ ರಕ್ತದವರಷ್ಟೇ ‘ಖಾನ್’ ಆಗಬೇಕೆಂಬುದು ಆ ನಾಡಿನ ಕಟ್ಟಳೆ. ಮಾಂಗಿತರಿಗೆ ಆ ಹಕ್ಕಿರಲಿಲ್ಲ. 1785ರಲ್ಲಿ ಪಟ್ಟಕ್ಕೆ ಬಂದ ಶಾಹ್ ಮುರಾದ್ ‘ಅಮೀರ’ನೆಂಬ ಬಿರುದು ಧರಿಸಿ, ಧರ್ಮನಿಷ್ಠೆಯನ್ನೇ ತನ್ನ ಅಧಿಕಾರಕ್ಕೆ ಆಧಾರ ಮಾಡಿಕೊಂಡ.

ಅಮೀರ ನಸ್ರುಲ್ಲಾನ (1827–1860) ಕ್ರೌರ್ಯ ಹೆಸರಾದದ್ದು. ಬ್ರಿಟಿಷ್ ಅಧಿಕಾರಿಗಳಾದ ಸ್ಟಾಡರ್ಟ್ ಮತ್ತು ಕಾನಲಿಯನ್ನು ಸೆರೆಯಲ್ಲಿಟ್ಟು 1842ರಲ್ಲಿ ತಲೆ ಹೊಡೆಸಿದ. ಸ್ಟಾಡರ್ಟ್‌ನನ್ನು ಇಟ್ಟಿದ್ದು ಕ್ರಿಮಿಕೀಟ ತುಂಬಿದ, ಹಗ್ಗ ಕಟ್ಟಿ ಇಳಿಸಬೇಕಾದ ನೆಲಗುಂಡಿಯಲ್ಲಿ. ಅದೇ ವರ್ಷ ಕೋಕಂದ್ ರಾಜ್ಯಕ್ಕೆ ನುಗ್ಗಿ ಅಲ್ಲಿನ ಖಾನನನ್ನೂ, ಕವಯಿತ್ರಿಯಾಗಿದ್ದ ಅವನ ತಾಯಿ ನಾದಿರಾಳನ್ನೂ ಕೊಲ್ಲಿಸಿದ. ನೆರೆಯ ಉಜ್ಬೆಕ್ ರಾಜ್ಯಗಳು ಹೀಗೆ ಪರಸ್ಪರ ಕಡಿದಾಡುತ್ತಿದ್ದುದು ರಷ್ಯಕ್ಕೆ ಹಾದಿ ಸುಗಮ ಮಾಡಿಕೊಟ್ಟಿತು.

1868ರಲ್ಲಿ ರಷ್ಯದ ಜನರಲ್ ಕೌಫ್‌ಮನ್ ಸಮರ್‌ಕಂದ್ ಹಿಡಿದು, ಜೀರಾಬುಲಾಕ್ ಕದನದಲ್ಲಿ ಅಮೀರ ಮುಜಫ್ಫರನ ಸೈನ್ಯವನ್ನು ಸೋಲಿಸಿದ. ಬುಖಾರಾ ರಷ್ಯದ ಸಂರಕ್ಷಿತ ರಾಜ್ಯವಾಯಿತು. ಆದರೆ ಪೆಟ್ಟು ಬಿದ್ದದ್ದು ಬಿರುದಿಗಲ್ಲ, ನೀರಿಗೆ. ಬುಖಾರಾದ ಹೊಲಗದ್ದೆಗಳಿಗೆ ಆಧಾರವಾಗಿದ್ದ ಜರಾಫ್‌ಶಾನ್ ನದಿ ಸಮರ್‌ಕಂದ್ ಸೀಮೆಯನ್ನು ದಾಟಿಯೇ ಕೆಳಗೆ ಬರಬೇಕು. ಮೇಲಿನ ಕಾಲುವೆಗಳು ಈಗ ರಷ್ಯನ್ನರ ಕೈಯಲ್ಲಿದ್ದವು. ಅಮೀರನ ಜುಟ್ಟು ಹಿಡಿಯಲು ಪ್ರತ್ಯೇಕ ಸೈನ್ಯ ಬೇಕಿರಲಿಲ್ಲ.

ವಿಚಿತ್ರವೆಂದರೆ, ಸೋತ ರಾಜಮನೆತನವನ್ನು ಮುಂದೆ ಐವತ್ತು ವರ್ಷ ಉಳಿಸಿದ್ದೂ ಗೆದ್ದವರೇ. 1873ರ ಒಪ್ಪಂದದಲ್ಲಿ ಗುಲಾಮರ ವ್ಯಾಪಾರ ನಿಷೇಧವಾಯಿತು, 1880ರ ದಶಕದಲ್ಲಿ ರೈಲು ಬಂತು, ಹತ್ತಿ ರಷ್ಯದ ಗಿರಣಿಗಳಿಗೆ ಹೋಯಿತು. ಒಳಾಡಳಿತ ಮಾತ್ರ ಹಳೆಯದಾಗಿಯೇ ಉಳಿಯಿತು. ಕೊನೆಯ ಅಮೀರ ಆಲಿಂ ಖಾನ್ (1910–1920) ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಓದಿದವನು. 1911ರಲ್ಲಿ ರಷ್ಯದ ಛಾಯಾಗ್ರಾಹಕ ಪ್ರೊಕುದಿನ್ ಗೋರ್ಸ್ಕಿ ತೆಗೆದ ಬಣ್ಣದ ಛಾಯಾಚಿತ್ರದಲ್ಲಿ, ಹೂಬಳ್ಳಿ ಚಿತ್ತಾರದ ನೀಲಿ ನಿಲುವಂಗಿ ತೊಟ್ಟು, ಕತ್ತಿ ಹಿಡಿದು ಕುಳಿತಿದ್ದಾನೆ.

1917ರಲ್ಲಿ ತ್ಸಾರ್ ಉರುಳಿದ ಮೇಲೆ ಅಮೀರನಿಗೆ ಆಸರೆ ಉಳಿಯಲಿಲ್ಲ. ಸುಧಾರಣೆ ಕೇಳಿದವರ ಮೇಲೆ ದಬ್ಬಾಳಿಕೆ ನಡೆಯಿತು; ಲೇಖಕ ಸದ್ರಿದ್ದೀನ್ ಐನಿಗೆ 75 ಛಡಿಯೇಟು ಬಿತ್ತು. 1918ರ ಮಾರ್ಚಿನಲ್ಲಿ ತಾಷ್ಕೆಂಟಿನ ಬೊಲ್ಶೆವಿಕರೂ ಸುಧಾರಣಾವಾದಿ ‘ಯುವ ಬುಖಾರಿ’ಗಳೂ ನಡೆಸಿದ ದಾಳಿ ವಿಫಲವಾಯಿತು. 1920ರ ಆಗಸ್ಟ್ ಕೊನೆಯಲ್ಲಿ ಸೇನಾಪತಿ ಫ್ರುಂಜೆಯ ಕೆಂಪುಸೇನೆ ಫಿರಂಗಿ, ವಿಮಾನಗಳೊಡನೆ ಬಂತು. ಸೆಪ್ಟೆಂಬರ್ 2ರಂದು ನಗರ ಬಿತ್ತು. ಅಮೀರರ ಕೋಟೆ ‘ಆರ್ಕ್’ನ ಬಹುಭಾಗ ಬೆಂಕಿಗೆ ಆಹುತಿಯಾಯಿತು.

ಆ ನಂತರದ ಬುಖಾರಾ ಜನತಾ ಗಣರಾಜ್ಯ 1924ರಲ್ಲಿ ಕೊನೆಗೊಂಡು, ಅದರ ನೆಲ ಹೊಸ ಸೋವಿಯತ್ ಗಣರಾಜ್ಯಗಳಿಗೆ ಹಂಚಿಹೋಯಿತು. ಆ ಸರ್ಕಾರದ ಮುಖ್ಯಸ್ಥನಾಗಿದ್ದ ಯುವ ಬುಖಾರಿ ನಾಯಕ ಫೈಜುಲ್ಲಾ ಖೋಜಾಯೆವ್‌ನಿಗೆ 1938ರಲ್ಲಿ ಸ್ಟಾಲಿನ್ ಆಡಳಿತ ಮರಣದಂಡನೆ ವಿಧಿಸಿತು. ಅಫ್ಘಾನಿಸ್ತಾನಕ್ಕೆ ಪಲಾಯನ ಮಾಡಿದ್ದ ಆಲಿಂ ಖಾನ್ 1944ರಲ್ಲಿ ಕಾಬೂಲಿನಲ್ಲಿ ತೀರಿಕೊಂಡ.