ಹುಟ್ಟಿದ ತಾರೀಖೂ ಮುಚ್ಚಿದ ತಾರೀಖೂ ಇರುವ ಊರು

ಹೊಸ ತಿಪ್ಪಸಂದ್ರದ ನಮ್ಮ ರೂಮಿನಲ್ಲಿ ಯಾರಾದ್ರೂ "ಯಾವೂರಪ್ಪಾ?" ಅಂತ ಕೇಳಿದ್ರೆ ನನ್ನ ರೂಮ್‌ಮೇಟ್ ಒಂದು ಕ್ಷಣ ತಡವರಿಸಿ "ಮಂಗಳೂರು" ಅಂತಾನೆ. ನಿಜಕ್ಕೂ ಅವನು ಹುಟ್ಟಿ ಎಂಟು ವರ್ಷ ಬೆಳೆದದ್ದು ಕುದುರೆಮುಖದಲ್ಲಿ. ಶಿಖರ ಅಲ್ಲ, ಬೆಟ್ಟಗಳ ಬುಡದಲ್ಲಿ ಭದ್ರಾ ನದಿಯ ಪಕ್ಕ ಇರುವ ಪುಟ್ಟ ಟೌನ್‌ಶಿಪ್. ಮೊನ್ನೆ ರಾತ್ರಿ ಕರೆಂಟು ಹೋದಾಗ ಆ ಊರಿನ ಮಾತು ಬಂತು. ಆಮೇಲೆ ನಾನೂ ಕೂತು ಒಂದಷ್ಟು ಓದಿದೆ.

ಅಲ್ಲಿ ಕಬ್ಬಿಣದ ಅದಿರಿದೆ ಅಂತ 1913ರಲ್ಲೇ ಗುರುತಿಸಿದ್ದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್. ಆದರೆ ಅದು ಕಡಿಮೆ ದರ್ಜೆಯ ಅದಿರು, ಸುತ್ತ ದಟ್ಟ ಶೋಲಾ ಕಾಡು, ಜಡಿಮಳೆ. ಅರವತ್ತು ವರ್ಷ ಹಾಗೇ ಇತ್ತು. 1975ರಲ್ಲಿ ಇರಾನಿನ ಶಾ ಸರ್ಕಾರ, ಸಾಲ ಕೊಟ್ಟು 15 ಕೋಟಿ ಟನ್ ಅದಿರು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯ್ತು, ಜೊತೆಗೆ ಊರೂ ಎದ್ದಿತು. ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಘಟ್ಟ ಇಳಿಯುವ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುವ ಏರ್ಪಾಡು! ಇಂಜಿನಿಯರ್ ಆಗಿ ಇದನ್ನು ಓದಿದಾಗ ನಿಜಕ್ಕೂ ಖುಷಿಯಾಯ್ತು.

ತಮಾಷೆ ನೋಡಿ, 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯ್ತು. 1980ರಲ್ಲಿ ಘಟಕ ತಯಾರಾಗುವ ಹೊತ್ತಿಗೆ ಕೊಳ್ಳುವವರೇ ಇಲ್ಲ! ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ಹೇಗೋ ಉಳಿಯಿತು. 1987ರಲ್ಲಿ ಪಣಂಬೂರಿನಲ್ಲಿ ಪೆಲೆಟ್ ಕಾರ್ಖಾನೆಯೂ ಬಂತು. ಅದೇ ವರ್ಷ ಸುತ್ತಲಿನ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಯ್ತು. ಸಿಂಗಳೀಕಗಳ ಮನೆ ಅದು. ತುಂಗಾ, ಭದ್ರಾ, ನೇತ್ರಾವತಿಯರ ತವರೂ ಹೌದು. ಒಂದೇ ಬೆಟ್ಟಕ್ಕೆ ಇಬ್ಬರು ವಾರಸುದಾರರು. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

"ಒಳ್ಳೇದೇ ಆಯ್ತಲ್ವೇನೋ?" ಅಂದೆ.

"ಆಯ್ತು ಮಾರಾಯ. ಅಪ್ಪನೂ ಹಾಗೇ ಹೇಳ್ತಾರೆ. ಅವರಿಗೆ ಮಂಗಳೂರಿಗೆ ವರ್ಗ ಆಯ್ತು, ಸಂಬಳವೂ ನಿಲ್ಲಲಿಲ್ಲ. ಆದ್ರೆ ರಜೆಗೆ ಅಂತ ವಾಪಸ್ ಹೋಗೋಕೆ ಅಲ್ಲಿ ಯಾರಿದ್ದಾರೆ? ನಮ್ಮ ಮನೆ ಮಾಡಿನ ಮೇಲೆ ಗಿಡ ಹುಟ್ಟಿದೆ."

ನನಗೆ ಉತ್ತರ ಹೊಳೆಯಲಿಲ್ಲ. ಕಾಡು ಗೆದ್ದದ್ದು ಸರಿ ಅಂತ ಈಗಲೂ ನಂಬುತ್ತೇನೆ. ಆದರೆ ಆ ಊರನ್ನು ಕಟ್ಟಿದವರೂ ಮುಚ್ಚಿದವರೂ ದೂರದಲ್ಲಿ ಕೂತವರು. ತೆಹ್ರಾನ್, ದಿಲ್ಲಿ... ನಡುವೆ ಅಲ್ಲಿ ಹುಟ್ಟಿದ ಮಕ್ಕಳನ್ನು ಯಾರೂ ಕೇಳಲಿಲ್ಲ. ಇನ್ನು ಗಣಿ ತೊಳೆದು ಬಿಟ್ಟ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಇವತ್ತಿಗೂ ಕೂತಿದೆ. ತೀರ್ಪು ಬಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲ್ಲ ಅಂತ ಅದನ್ನು ನೋಡಿದರೇ ಗೊತ್ತಾಗುತ್ತೆ.

ಈ ಮಳೆಗಾಲ ಮುಗಿದ ಮೇಲೆ ಇಬ್ಬರೂ ಹೋಗಿಬರೋಣ ಅಂದುಕೊಂಡಿದ್ದೇವೆ. ನಿಮ್ಮಲ್ಲಿ ಯಾರಾದ್ರೂ ಅಲ್ಲಿ ಬೆಳೆದವರಿದ್ದೀರಾ? "ಯಾವೂರು?" ಅಂತ ಕೇಳಿದ್ರೆ ನೀವೇನು ಹೇಳ್ತೀರಿ?