ಯಜ್ದದಿಂದ ಯಾದವಗಿರಿಗೆ: ‘ಯೆಜ್ಡಿ’ಯ ನಡೆ

ಕೊಳ್ಳೇಗಾಲ, ಹನೂರು, ಯಳಂದೂರಿನ ಸೀಮೆಯಲ್ಲಿ, ಕಾವೇರಿ ದಂಡೆಯ ಮುಳ್ಳೂರಿನಂಥ ಊರುಗಳಲ್ಲೂ, ‘ಅವ ಯಜ್ಡಿ ಮಡಗವ್ನೆ’ ಎಂದರೆ ಆಳಿನ ಅಂತಸ್ತನ್ನು ಬೇರೆ ಹೇಳಬೇಕಾಗಿರಲಿಲ್ಲ. ಯೆಜ್ಡಿ, ಎಜ್ಡಿ, ಯಜ್ಡಿ ಎಂದು ಬಾಯಿಗೊಂದು ರೂಪ ಪಡೆದ ಈ ಮೋಟಾರ್‌ಸೈಕಲ್ಲಿನ ಹೆಸರು ನಮ್ಮ ನಾಲಿಗೆಗೆ ಇಷ್ಟು ಸಲೀಸಾಗಿ ಒಗ್ಗಿದ್ದಕ್ಕೆ ಕಾರಣವೂ ಉಂಟು. ಎಲೆಯನ್ನು ಯೆಲೆ, ಎಮ್ಮೆಯನ್ನು ಯೆಮ್ಮೆ ಎನ್ನುವ ನಮಗೆ ‘ಎ’ಕಾರದ ಮುಂದೆ ಯಕಾರ ಬಂದರೂ ಒಂದೇ, ಬಾರದಿದ್ದರೂ ಒಂದೇ.

ಪದಪ್ರಿಯರಾದ ನಾವು ಕಣ್ಣಿಡಬೇಕಾದದ್ದು ನಡುವಿನ ‘ಡ’ಕಾರದ ಮೇಲೆ. ಪಾರಸಿಯಲ್ಲಿ ಅದು ದಂತ್ಯ, ‘ದ’. ಇಂಗ್ಲಿಷ್ ಲಿಪಿಯ ಬಾಗಿಲಲ್ಲಿ ಹಾದು ಬರುವಾಗ ಮೂರ್ಧನ್ಯವಾಗಿ ಮಡಚಿಕೊಂಡು, ಪದ ತಾನು ಬಂದ ದಾರಿಯನ್ನು ತನ್ನ ಮೈಮೇಲೇ ಬರೆದುಕೊಂಡಿದೆ. ಕೊನೆಯ ‘ಇ’ಕಾರ ಇರಾನಿ, ಹೈದರಾಬಾದಿಗಳಲ್ಲಿ ಇರುವಂಥದೇ, ಆ ಊರಿನವನು, ಆ ಊರಿನದು ಎಂದು ಅರ್ಥ. ಊರು ಇರಾನಿನ ಯಜ್ದ್, ಜರತುಷ್ಟ್ರ ಮತದವರ ಹಳೆಯ ನೆಲೆ. ಮೈಸೂರಿನಲ್ಲಿ ಈ ಗಾಡಿ ಮಾಡುತ್ತಿದ್ದ ಐಡಿಯಲ್ ಜಾವಾ ಕಂಪನಿ ಕಟ್ಟಿದ ರುಸ್ತುಂ ಇರಾನಿ, ಫರ್ರೋಖ್ ಇರಾನಿಯವರ ಮನೆತನದ ಬೇರೂ ಅಲ್ಲಿಯದೇ.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ಯಜ್ದ್ ಎಂಬ ಊರ ಹೆಸರಿನ ಹಿಂದೆ ಜರತುಷ್ಟ್ರ ಮತದ ಗ್ರಂಥವಾದ ಅವೆಸ್ತದ ‘ಯಜತ’ ಕಾಣುತ್ತದೆ, ಅಂದರೆ ಪೂಜೆಗೆ ಯೋಗ್ಯವಾದದ್ದು, ದಿವ್ಯವಾದದ್ದು. ಅವೆಸ್ತದ ನಾಲಿಗೆಯಲ್ಲಿ ಸೀಟಿಯಂತೆ ಸುಯ್ಯುವ ಆ ಜಕಾರ ಸಂಸ್ಕೃತದಲ್ಲಿ ಮೆತ್ತನೆಯ ‘ಜ’. ಮೊಣಕಾಲಿನ ‘ಜಾನು’ ಎರಡೂ ಕಡೆ ಇರುವುದು ಹೀಗೆಯೇ. ಋಗ್ವೇದದಲ್ಲೂ ‘ಯಜತ’ ಉಂಟು, ಧಾತು ‘ಯಜ್’, ಅದರ ಹಿರಿಯ ಮಗುವೇ ಯಜ್ಞ. ಆ ಯಜ್ಞ ಕನ್ನಡಕ್ಕೆ ಬಂದಾಗ ಏನಾಯಿತೆಂದು ಬಲ್ಲೆವು: ಯಾತ್ರೆ ಜಾತ್ರೆಯಾದಂತೆ, ಯೌವನ ಜವ್ವನವಾದಂತೆ, ಯಮ ಜವನಾದಂತೆ, ಯಜ್ಞವೂ ‘ಜನ್ನ’ವಾಯಿತು, ಜನಿವಾರದ ಮೊದಲ ತುಣುಕಾಗಿ ಹೆಗಲೇರಿತು. ಹಾಗಾಗಿ ಜನ್ನಕ್ಕೂ ಯೆಜ್ಡಿಗೂ ದಾಯಾದಿ ಸಂಬಂಧ. ಒಂದು ಸಂಸ್ಕೃತದ ಕಡೆಯಿಂದ ಸಾವಿರ ವರ್ಷಕ್ಕೂ ಹಿಂದೆ ಬಂದು ಮೈ ಸವೆಸಿಕೊಂಡದ್ದು, ಇನ್ನೊಂದು ಇರಾನಿನ ಕಡೆಯಿಂದ ಮೊನ್ನೆ ಮೊನ್ನೆ ಬಂದು ಯಕಾರವನ್ನು ಉಳಿಸಿಕೊಂಡದ್ದು. ನನಗಂತೂ ಇದಕ್ಕಿಂತ ಸೊಗಸಾದ ನೆಂಟಸ್ತಿಕೆ ನಮ್ಮ ರಸ್ತೆಗಳ ಮೇಲೆ ಬೇರೆ ಕಂಡಿಲ್ಲ.

ಯೆಜ್ಡಿ ಎನ್ನಿಸಿಕೊಳ್ಳುವ ಮುಂಚೆ ಗಾಡಿಯ ಹೆಸರು ಜಾವಾ. ರಾತ್ರಿಯ ‘ಜಾವ’ಕ್ಕೂ (ಅದು ‘ಯಾಮ’ದ ತದ್ಭವ) ಇದಕ್ಕೂ ನಂಟಿಲ್ಲ, 1929ರಲ್ಲಿ ಚೆಕ್ ನಾಡಿನ ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ತಲೆ ಕತ್ತರಿಸಿ ಹೊಲಿದದ್ದು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಹೊರಟ ಆ ಜಾವಾ 1973ರ ಹೊತ್ತಿಗೆ ಯೆಜ್ಡಿಯಾಯಿತು. ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್, ತುಳಿದರೆ ಜೋಡಿ ಸೈಲೆನ್ಸರಿನಿಂದ ಆಯಿಲ್ ಬೆರೆತ ಪೆಟ್ರೋಲಿನ ನೀಲಿ ಹೊಗೆ. ಈ ಒಂದು ಗುಟ್ಟು ಗೊತ್ತಿಲ್ಲದವನಿಗೆ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ. ಲೀಟರಿಗೆ ಹೆಚ್ಚು ದೂರ ಓಡುವ ಜಪಾನಿ ತಂತ್ರದ ಫೋರ್ ಸ್ಟ್ರೋಕ್ ಬೈಕುಗಳು ಎಂಬತ್ತರ ದಶಕದಲ್ಲಿ ಬಂದವು, ಹೊಗೆಯ ನಿಯಮಗಳು ಬಿಗಿಯಾದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೆಸರು ಮಾತ್ರ ಮುಚ್ಚಲಿಲ್ಲ, ರಿಪೇರಿ ಅಂಗಡಿಗಳ ಬಾಯಲ್ಲಿ ಓಡುತ್ತಲೇ ಇತ್ತು.

ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರೂ ಮಹೀಂದ್ರಾದವರೂ ಜೊತೆಗೂಡಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾವನ್ನು 2018ರಲ್ಲಿ, ಯೆಜ್ಡಿಯನ್ನು 2022ರ ಜನವರಿಯಲ್ಲಿ ಮರಳಿ ತಂದಿತು. ಅದೇ ಮನೆಗೆ ಇಂಗ್ಲೆಂಡಿನ ಬಿಎಸ್‌ಎ ಕೂಡ ಸೇರಿದೆ. ಅದರ ಮೂರಕ್ಷರ ಬಿಡಿಸಿದರೆ ‘ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್’, 1861ರಲ್ಲಿ ಕೋವಿ ಮಾಡುವವರು ಕೂಡಿ ಕಟ್ಟಿದ್ದು. 1910ರಿಂದ ಮೋಟಾರ್‌ಸೈಕಲ್ಲು, ಆಮೇಲೆ ಗೋಲ್ಡ್ ಸ್ಟಾರ್ ಎಂಬ ಗಾಡಿ, 1970ರ ದಶಕದ ಆರಂಭದಲ್ಲಿ ಪತನ. ನಮ್ಮೂರುಗಳಲ್ಲಿ ಬಿಎಸ್‌ಎ ಎಂದರೆ ಮೊದಲಿಂದಲೂ ತುಳಿಯುವ ಸೈಕಲ್ಲೇ, ಕೋವಿಯ ವಾಸನೆ ಅದಕ್ಕೆ ಎಂದೂ ಬಡಿಯಲಿಲ್ಲ. 2024ರ ಆಗಸ್ಟ್ 15ರಂದು ಗೋಲ್ಡ್ ಸ್ಟಾರ್ 650 ಭಾರತದ ಮಾರುಕಟ್ಟೆಗೆ ಬಂದ ಮೇಲೆ ಆ ಅರ್ಥವೂ ಹಿಗ್ಗಬೇಕಾಗಿದೆ.

ಯೆಜ್ಡಿ ಎಂಬ ಹೆಸರಿನ ಒಡೆತನ ಯಾರದೆಂಬ ವ್ಯಾಜ್ಯ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮಾತಿನ ಬಳಕೆಯಲ್ಲಿ ಮಾತ್ರ ಬೇರೊಂದು ಪಲ್ಲಟ ನಡೆದಿದೆ. ಕನ್ನಡ ಹೊಸತಾದ ಮೇಲಷ್ಟೇ ಹಿಂದಿನದಕ್ಕೆ ‘ಹಳಗನ್ನಡ’ ಎಂಬ ಹೆಸರು ಬೇಕಾದಂತೆ, 334 ಸಿಸಿಯ ಫೋರ್ ಸ್ಟ್ರೋಕ್ ಗಾಡಿ ಬಂದ ಮೇಲೆ ‘ಹಳೇ ಯೆಜ್ಡಿ’ ಎನ್ನುವ ಸಮಾಸ ಹುಟ್ಟಿತು. ಆದರೂ ಕೊಳ್ಳೇಗಾಲದ ಹಿರಿಯ ಮೆಕ್ಯಾನಿಕ್ಕುಗಳು ವಿಶೇಷಣ ಹಚ್ಚುವುದು ಹೊಸತಕ್ಕೇ: ಅದು ‘ಹೊಸ ಯಜ್ಡಿ’, ಇದು ಬರೀ ಯಜ್ಡಿ.